ಗುತ್ತಿಗೆದಾರನ ಅಲಕ್ಷ್ಯ ಮತ್ತು ನಗರಪಾಲಿಕೆಯ ಹೊಣೆ

ನಗರದ ಬೀದಿಯನ್ನು ಅಗೆಯುವವನು ಒಬ್ಬ, ಅಗೆಸುವವನು ಮತ್ತೊಬ್ಬ. ಅಗೆದ ಹಳ್ಳದಲ್ಲಿ ಬೀಳುವವನು ಇವರಿಬ್ಬರ ಕರಾರಿಗೂ ಸಂಬಂಧಪಡದ ಮೂರನೆಯವನು. ಪೌರಸಂಸ್ಥೆಗಳ ಬಹುಪಾಲು ಕಾಮಗಾರಿಗಳು ಗುತ್ತಿಗೆಯ ಮೂಲಕವೇ ನಡೆಯುವ ಈ ಕಾಲದಲ್ಲಿ, ಗಾಯಗೊಂಡ ಆ ಮೂರನೆಯವನಿಗೆ ಉತ್ತರ ಹೇಳಬೇಕಾದವರು ಯಾರು? ‘ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಿದ್ದೇವೆ, ಅವನನ್ನೇ ಕೇಳಿ’ ಎಂಬ ಉತ್ತರ ನ್ಯಾಯದ ಮುಂದೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಬಹುದು.

ಅಪಕೃತ್ಯಗಳ ವಿಷಯದಲ್ಲಿ ನಮ್ಮಲ್ಲಿ ಸಮಗ್ರವಾದ ಸಂಹಿತೆಯಿಲ್ಲ. ಇಂಗ್ಲೆಂಡಿನ ಪೂರ್ವನಿರ್ಣಯಗಳನ್ನು ನ್ಯಾಯ, ಸಮತೆ ಮತ್ತು ಸದಸದ್ವಿವೇಕಗಳಿಗೆ ಒಪ್ಪುವಷ್ಟರ ಮಟ್ಟಿಗೆ ನಮ್ಮ ನ್ಯಾಯಾಲಯಗಳು ಸ್ವೀಕರಿಸುತ್ತ ಬಂದಿವೆ. ಅದರಂತೆ, ನೌಕರನು ತನ್ನ ಕೆಲಸದಲ್ಲಿ ಮಾಡಿದ ತಪ್ಪಿಗೆ ಯಜಮಾನನು ಹೊಣೆಗಾರ. ಗುತ್ತಿಗೆದಾರನ ವಿಷಯ ಹಾಗಲ್ಲ. ಕೆಲಸ ಮಾಡುವ ರೀತಿಯನ್ನು ಅವನೇ ನಿರ್ಧರಿಸಿಕೊಳ್ಳುವುದರಿಂದ, ಅವನ ಅಲಕ್ಷ್ಯಕ್ಕೆ ಕೆಲಸ ಕೊಟ್ಟವನು ಸಾಮಾನ್ಯವಾಗಿ ಹೊಣೆಯಾಗನು. ‘ಅವನನ್ನೇ ಕೇಳಿ’ ಎಂಬ ಉತ್ತರಕ್ಕೆ ಆಧಾರ ಈ ನಿಯಮವೇ.

ಆದರೆ ಈ ನಿಯಮಕ್ಕೆ ದೊಡ್ಡದೊಂದು ಅಪವಾದವುಂಟು. 1876ರಲ್ಲಿ ತೀರ್ಮಾನವಾದ ಟ್ಯಾರಿ–ಆಶ್ಟನ್ ಮೊಕದ್ದಮೆಯಲ್ಲಿ, ಲಂಡನ್ನಿನ ಬೀದಿಯ ಮೇಲೆ ಚಾಚಿಕೊಂಡಿದ್ದ ದೀಪವೊಂದು ದಾರಿಹೋಕಳೊಬ್ಬಳ ಮೇಲೆ ಬಿತ್ತು. ಅದನ್ನು ದುರಸ್ತಿ ಮಾಡಲು ಹಿಂದೆಯೇ ಗುತ್ತಿಗೆದಾರನೊಬ್ಬನನ್ನು ನೇಮಿಸಿದ್ದೆನೆಂಬ ಮಾಲೀಕನ ಸಮಾಧಾನವನ್ನು ನ್ಯಾಯಾಲಯ ಒಪ್ಪಲಿಲ್ಲ. 1899ರಲ್ಲಿ ವಿಂಬಲ್ಡನ್ನಿನ ಪೌರಸಭೆಯ ಪರವಾಗಿ ರಸ್ತೆ ಕೆಲಸ ಮಾಡುತ್ತಿದ್ದ ಗುತ್ತಿಗೆದಾರನು ಮಣ್ಣಿನ ಗುಡ್ಡೆಯನ್ನು ದೀಪವಾಗಲಿ ಬೇಲಿಯಾಗಲಿ ಇಲ್ಲದೆ ಬಿಟ್ಟಿದ್ದನು. ಕತ್ತಲಲ್ಲಿ ಮಹಿಳೆಯೊಬ್ಬಳು ಅದನ್ನು ಎಡವಿ ಬಿದ್ದಳು. ಅಲ್ಲಿ ಪೌರಸಭೆಯೇ ಹೊಣೆಯೆಂದು ತೀರ್ಪಾಯಿತು. ಕೆಲಸವನ್ನು ಇನ್ನೊಬ್ಬನಿಗೆ ವಹಿಸಬಹುದು. ಸಾರ್ವಜನಿಕರ ಬಗೆಗಿನ ಕರ್ತವ್ಯವನ್ನು ವಹಿಸಲಾಗದು. ಯಾವ ಕೆಲಸದ ಸ್ವರೂಪದಲ್ಲಿಯೇ ಅಪಾಯ ಅಡಗಿದೆಯೋ ಅಲ್ಲಿ ಆ ಅಪಾಯವನ್ನು ತಡೆಯುವ ಭಾರವು ಕೆಲಸ ಮಾಡಿಸುವವನ ತಲೆಯಿಂದ ಇಳಿಯುವುದಿಲ್ಲ.

ಈ ಅಪವಾದಕ್ಕೂ ಒಂದು ಎಲ್ಲೆಯಿದೆ. 1912ರ ಒಂದು ಮೊಕದ್ದಮೆಯಲ್ಲಿ ಉಪಗುತ್ತಿಗೆದಾರನ ಕೆಲಸಗಾರನು ಕಿಟಕಿಯ ಅಂಚಿನಲ್ಲಿಟ್ಟಿದ್ದ ಉಪಕರಣವು ಬಿದ್ದು ಕೆಳಗೆ ಹೋಗುತ್ತಿದ್ದವನಿಗೆ ಪೆಟ್ಟಾಯಿತು. ಕೆಲಸ ಕೊಟ್ಟವನು ಅದಕ್ಕೆ ಹೊಣೆಯಲ್ಲವೆಂದು ನಿರ್ಣಯವಾಯಿತು. ಆ ಅಲಕ್ಷ್ಯವು ಕೆಲಸದಿಂದ ಹುಟ್ಟಿದ್ದಲ್ಲ, ಕೆಲಸದ ನಡುವೆ ಆಕಸ್ಮಿಕವಾಗಿ ಸೇರಿಕೊಂಡದ್ದು. ಬೀದಿ ಅಗೆದ ಹಳ್ಳಕ್ಕೆ ಬೇಲಿ ಹಾಕದಿರುವುದು ಮೊದಲನೆಯ ಜಾತಿಗೆ ಸೇರುತ್ತದೆ. ಕೂಲಿಯವನ ಕೈಯಿಂದ ಸುತ್ತಿಗೆ ಜಾರುವುದು ಎರಡನೆಯದಕ್ಕೆ.

ದಿಲ್ಲಿಯವರಿಗೆ ಈ ತತ್ತ್ವ ದೂರದ ಮಾತಲ್ಲ. ಚಾಂದನಿ ಚೌಕದಲ್ಲಿ ಪುರಭವನದ ಎದುರು ನಿಂತಿದ್ದ ಗಡಿಯಾರದ ಗೋಪುರವು ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಕುಸಿದು ಜನ ಸತ್ತರು. ಮೃತರಲ್ಲಿ ಮೂವರ ವಾರಸುದಾರರು ಹೂಡಿದ ದಾವೆಗಳು 1966ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದವು. ಕಟ್ಟಡಕ್ಕೆ ಸುಮಾರು 80 ವರ್ಷವಾಗಿತ್ತು; ಅದರ ಗಾರೆಯ ಬಾಳಿಕೆಯಾದರೋ 40–45 ವರ್ಷವೆಂದು ಸಾಕ್ಷ್ಯವಿತ್ತು. ಗೋಪುರವು ಪಾಲಿಕೆಯೊಂದರ ವಶದಲ್ಲಿಯೇ ಇದ್ದುದರಿಂದ, ಅದು ಬಿದ್ದ ಸಂಗತಿಯೇ ಅಲಕ್ಷ್ಯಕ್ಕೆ ಸಾಕ್ಷಿಯೆಂದು ನ್ಯಾಯಾಲಯ ಭಾವಿಸಿತು. ಹೆದ್ದಾರಿಯ ಪಕ್ಕದ ಕಟ್ಟಡದ ಒಡೆಯನು ದೋಷ ತನಗೆ ತಿಳಿದಿರಲಿಲ್ಲವೆಂದು ಹೇಳಿ ಪಾರಾಗಲಾರನೆಂದೂ ಸಾರಿತು. ಇದು ಗುತ್ತಿಗೆದಾರನ ಮೊಕದ್ದಮೆಯಲ್ಲ. ಆದರೂ, ದೋಷವನ್ನೇ ಅರಿಯದ ಒಡೆಯನಿಗೆ ಬಿಡುಗಡೆಯಿಲ್ಲವೆಂದ ಮೇಲೆ, ದುರಸ್ತಿಯನ್ನು ಇನ್ನೊಬ್ಬನಿಗೆ ವಹಿಸಿ ಸುಮ್ಮನಾದವನಿಗೆ ಬಿಡುಗಡೆ ದೊರೆಯುವುದು ಕಷ್ಟ.

ಹಾಗೆಂದು ಪಾಲಿಕೆಯು ನಗರದ ಸಕಲ ಅನಾಹುತಗಳಿಗೂ ವಿಮೆ ಕೊಟ್ಟ ಸಂಸ್ಥೆಯಲ್ಲ. ರಾಜಕೋಟೆಯಲ್ಲಿ ರಸ್ತೆಬದಿಯ ಮರ ಬಿದ್ದು ಪಾದಚಾರಿಯೊಬ್ಬನು ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ಪಾಲಿಕೆಯನ್ನು ಬಿಡುಗಡೆ ಮಾಡಿತು. ಎರಡೇ ವರ್ಷಗಳ ತರುವಾಯ, 1964ರಲ್ಲಿ ಒಣಮರದ ಕೊಂಬೆ ಬಿದ್ದು ದಿಲ್ಲಿಯ ಸ್ಕೂಟರ್ ಸವಾರನೊಬ್ಬನು ಸತ್ತ ಪ್ರಕರಣದಲ್ಲಿ ಪಾಲಿಕೆಯೇ ಹೊಣೆಯೆಂದಿತು. ಒಣಗಿದ ಮರದ ಅಪಾಯ ನೋಡಿದವರಿಗೆ ಕಾಣುವಂಥದು. 1997ರಲ್ಲಿ 59 ಜನರನ್ನು ಬಲಿ ತೆಗೆದುಕೊಂಡ ಉಪಹಾರ್ ಚಿತ್ರಮಂದಿರದ ಬೆಂಕಿಯ ವಿಷಯದಲ್ಲಿ ಉಚ್ಚ ನ್ಯಾಯಾಲಯವು ಪಾಲಿಕೆಯ ಮೇಲೂ ಪರಿಹಾರದ ಪಾಲನ್ನು ಹೊರಿಸಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಅಪಾಯವು ಪಾಲಿಕೆಯ ಸ್ವಂತ ಆಸ್ತಿಯಿಂದಲೋ ಅದೇ ಮಾಡಿಸಿದ ಕೆಲಸದಿಂದಲೋ ಹುಟ್ಟಿದಾಗ ಹೊಣೆ ಗಟ್ಟಿಯಾಗುತ್ತದೆ. ಪರರ ಮೇಲಿನ ಮೇಲ್ವಿಚಾರಣೆಯಲ್ಲಿ ಲೋಪವಾದಾಗ ಸಡಿಲವಾಗುತ್ತದೆ. ಗುತ್ತಿಗೆಯ ಕಾಮಗಾರಿ ಮೊದಲನೆಯ ವರ್ಗಕ್ಕೆ ಸೇರಿದ್ದೆಂಬುದನ್ನು ಮರೆಯಬಾರದು.

ಇನ್ನು ಗುತ್ತಿಗೆದಾರನ ಕೈಕೆಳಗೆ ದುಡಿಯುವವರ ಗತಿಯೇನು? ಒಳಚರಂಡಿಗೆ ಇಳಿದು ಸಾಯುವವರು ಬಹುತೇಕ ಅವರೇ. ದಿಲ್ಲಿ ಜಲಮಂಡಳಿಯು ತಂದ ಮೇಲ್ಮನವಿಯನ್ನು 2011ರಲ್ಲಿ ವಜಾಮಾಡುತ್ತ, ಇಂಥ ಕೆಲಸಗಾರರ ಸುರಕ್ಷತೆಯ ಹೊಣೆಯಿಂದ ಸರಕಾರದ ಅಂಗಸಂಸ್ಥೆಗಳು ಕಳಚಿಕೊಳ್ಳಲಾರವೆಂದು ಸುಪ್ರೀಂ ಕೋರ್ಟು ಹೇಳಿತು. 2013ರ ಕಾಯಿದೆಯು ಒಳಚರಂಡಿಯ ಅಪಾಯಕರ ಶುದ್ಧೀಕರಣಕ್ಕೆ ಯಾರನ್ನೂ ನೇರವಾಗಿ ಅಥವಾ ಪರೋಕ್ಷವಾಗಿ ನೇಮಿಸಿಕೊಳ್ಳುವುದನ್ನು ನಿಷೇಧಿಸಿದೆ. ಈ ‘ಪರೋಕ್ಷ’ ಎಂಬ ಪದದಲ್ಲಿ ಗುತ್ತಿಗೆಯ ಮರೆಗೆ ಎಡೆಯಿಲ್ಲ. ಒಳಚರಂಡಿ ಸಾವಿನ ಪರಿಹಾರಧನವನ್ನು ಅದೇ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು.

ಗುತ್ತಿಗೆಯ ಕರಾರಿನಲ್ಲಿ ನಷ್ಟವೆಲ್ಲ ಗುತ್ತಿಗೆದಾರನದೆಂದು ಬರೆದಿದ್ದರೆ ಏನಾಗುತ್ತದೆಂದು ಓದುಗರು ಕೇಳಬಹುದು. ಅದು ಅವರಿಬ್ಬರ ನಡುವಿನ ಲೆಕ್ಕ. ಗಾಯಗೊಂಡವನಿಗೆ ಕೊಟ್ಟ ಹಣವನ್ನು ಪಾಲಿಕೆಯು ಆ ಷರತ್ತಿನ ಬಲದಿಂದ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಗಾಯಗೊಂಡವನನ್ನು ಬಾಗಿಲಿನಿಂದ ಕಳುಹಿಸಲು ಅದೇ ಷರತ್ತನ್ನು ತೋರಿಸಲಾಗದು.

ದಿಲ್ಲಿಯಲ್ಲಿ ನಿಜವಾದ ತೊಡಕು ತತ್ತ್ವದಲ್ಲಿಲ್ಲ, ವ್ಯವಹಾರದಲ್ಲಿದೆ. ಇಲ್ಲಿ ಒಂದು ರಸ್ತೆ ನಗರಪಾಲಿಕೆಯದು, ಇನ್ನೊಂದು ಲೋಕೋಪಯೋಗಿ ಇಲಾಖೆಯದು, ಮತ್ತೊಂದು ಹೊಸದಿಲ್ಲಿ ಪುರಸಭೆಯದು, ನೆಲದಡಿಯ ಕೊಳವೆ ಜಲಮಂಡಳಿಯದು. ಯಮುನೆ ದಾಟಿ ನೋಯ್ಡಾ ಸೇರಿದರೆ ರಾಜ್ಯವೇ ಬೇರೆ. ಜೊತೆಗೆ ಕಾಲದ ಕಟ್ಟೂ ಉಂಟು. 1957ರ ದಿಲ್ಲಿ ನಗರಪಾಲಿಕೆ ಕಾಯಿದೆಯ 478ನೆಯ ಕಲಮಿನ ಪ್ರಕಾರ, ಆ ಕಾಯಿದೆಯ ಅನುಸಾರ ನಡೆದ ಕಾರ್ಯಗಳಿಗಾಗಿ ದಾವೆ ಹೂಡುವ ಮುನ್ನ ಎರಡು ತಿಂಗಳ ಲಿಖಿತ ಸೂಚನೆ ಕೊಡಬೇಕು. ದಾವೆಯನ್ನು ಆರು ತಿಂಗಳೊಳಗೆ ಹೂಡಬೇಕು. ಹಳ್ಳ ಯಾರದೆಂದು ಹುಡುಕುವುದರಲ್ಲಿಯೇ ಈ ಅವಧಿ ಕಳೆದುಹೋಗುವ ಸಂಭವವುಂಟು. ಆದುದರಿಂದ ಸ್ಥಳದ ಚಿತ್ರ, ಪೊಲೀಸು ವರದಿ, ಆಸ್ಪತ್ರೆಯ ಕಾಗದಗಳನ್ನು ಒಡನೆಯೇ ಸಂಗ್ರಹಿಸಿಕೊಂಡು, ಸಂಬಂಧಪಡಬಹುದಾದ ಎಲ್ಲ ಸಂಸ್ಥೆಗಳಿಗೂ ಗುತ್ತಿಗೆದಾರನಿಗೂ ಸೂಚನೆ ಕಳುಹಿಸುವುದು ಲೇಸು. ರಿಟ್ ಅರ್ಜಿಯ ದಾರಿಯೂ ತೆರೆದಿದೆ. ಬೆಂಗಳೂರಿನ ರಸ್ತೆಗುಂಡಿಗಳಿಂದ ಗಾಯಗೊಂಡವರಿಗೆ ಪಾಲಿಕೆಯು ಪರಿಹಾರ ಕೊಡಬೇಕೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2019ರಲ್ಲಿ ಹೇಳಿದ್ದು ಅಂಥ ದಾರಿಯಲ್ಲಿಯೇ.

ಮೇಲೆ ಹೇಳಿದ ಕೊಂಬೆಯ ಮೊಕದ್ದಮೆ ಮುಗಿಯಲು 35 ವರ್ಷ ಹಿಡಿಯಿತು. ತತ್ತ್ವವು ನೊಂದವನ ಪಕ್ಷದಲ್ಲಿದ್ದರೂ ಅದರ ಫಲ ಮೊಮ್ಮಕ್ಕಳ ಕಾಲಕ್ಕೆ ಕೈಸೇರುವುದಾದರೆ ಪ್ರಯೋಜನ ಅಲ್ಪ. ಅಗೆದ ಪ್ರತಿಯೊಂದು ಬೀದಿಯಲ್ಲಿಯೂ ಕೆಲಸ ಮಾಡಿಸುತ್ತಿರುವ ಸಂಸ್ಥೆ, ಗುತ್ತಿಗೆದಾರ, ಮೇಲ್ವಿಚಾರಕ ಎಂಜಿನಿಯರ್ ಇವರ ಹೆಸರುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದ ಫಲಕವಿರಬೇಕೆಂದು ನಾಗರಿಕ ಸಂಘಗಳು ಒತ್ತಾಯಿಸುವುದು ಸಣ್ಣ ಕೆಲಸವೇನಲ್ಲ. ಹೊಣೆ ಯಾರದೆಂದು ಹಳ್ಳದ ಬದಿಯಲ್ಲಿಯೇ ಬರೆದಿದ್ದರೆ, ಹಳ್ಳಕ್ಕೆ ಬೇಲಿಯೂ ಬೇಗ ಬರುತ್ತದೆ.