ಹದಿನಾರು ಮಿಲಿಮೀಟರಿನ ಜಾಗ

ಪೋರ್ಷೆ 911ರ 997 ಪೀಳಿಗೆ ರಸ್ತೆಗೆ ಬಂದದ್ದು 2004ರಲ್ಲಿ. ಎಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಚಕ್ರಗಳಿಗೇ ಹೋಗುವ ಕರೆರಾ ಎಸ್ ಮೊದಲು ಬಂತು, ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಕರೆರಾ 4 ಎಸ್ ಮರುವರ್ಷ. ಎರಡರ ಹಿಂದಿನ ಚಕ್ರವೂ 19 ಇಂಚಿನದು, 11 ಇಂಚು ಅಗಲದ್ದು. ಚಕ್ರ ಕಳಚಿ, ಲೋಹದಲ್ಲಿ ಅಚ್ಚೊತ್ತಿದ ಅಂಕಿ ಓದಿದರೆ ವ್ಯತ್ಯಾಸ ಸಿಗುತ್ತದೆ. ಕರೆರಾ ಎಸ್‌ನದರಲ್ಲಿ ಇಟಿ 67, 4 ಎಸ್‌ನದರಲ್ಲಿ ಇಟಿ 51.

ಚಕ್ರದ ಅಗಲವನ್ನು ಸರಿಯಾಗಿ ಎರಡು ಭಾಗ ಮಾಡುವ ಗೆರೆಯಿಂದ, ಚಕ್ರವನ್ನು ಹೊರುವ ಹಬ್‌ಗೆ ಒತ್ತಿ ಕೂರುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬುದೇ ಈ ಇಟಿ. ಅಂಕಿ ದೊಡ್ಡದಾದಷ್ಟೂ ಚಕ್ರ ಮಡ್‌ಗಾರ್ಡಿನ ಒಳಕ್ಕೆ ಸರಿಯುತ್ತದೆ. 4 ಎಸ್‌ನ ಹಿಂಭಾಗ ಕರೆರಾ ಎಸ್‌ಗಿಂತ 44 ಮಿ.ಮೀ. ಅಗಲ, ಅಂದರೆ ಒಂದೊಂದು ಬದಿಗೆ 22. ಅದರ ಚಕ್ರ 16 ಮಿ.ಮೀ. ಹೊರಗೆ ಬಂದಿದೆ. ಟೈರು 295ರ ಬದಲು 305 ಆಗಿರುವುದರಿಂದ ಮತ್ತೆ 5. ಒಟ್ಟು 21. ಮೈ 22 ಹಿಗ್ಗಿದರೆ ಟೈರು 21 ಹಿಗ್ಗಿತು! ಮಡ್‌ಗಾರ್ಡಿಗೂ ಟೈರಿನ ಅಂಚಿಗೂ ನಡುವೆ ಮೊದಲು ಇದ್ದ ಜಾಗವನ್ನು ಎಂಜಿನಿಯರುಗಳು ಹಾಗೇ ಉಳಿಸಿಕೊಂಡಿದ್ದಾರೆ. ಆ ಜಾಗ ಅಳೆದು ಬಿಟ್ಟದ್ದು, ಮರೆತು ಬಿಟ್ಟದ್ದಲ್ಲ.

ಹಬ್‌ಗೂ ಚಕ್ರಕ್ಕೂ ನಡುವೆ ಅಲ್ಯೂಮಿನಿಯಂ ಬಿಲ್ಲೆಯಿಟ್ಟು ಈ ಜಾಗವನ್ನು ತುಂಬುವ ಕೆಲಸಕ್ಕೆ ಸ್ಪೇಸರ್ ಹಾಕುವುದು ಎನ್ನುತ್ತಾರೆ. ಕಾರ್ಖಾನೆಯ ಚಕ್ರವನ್ನೇ ಉಳಿಸಿಕೊಂಡು ಕಾರಿನ ನಿಲುವನ್ನು ಬದಲಿಸಬೇಕು ಎನ್ನುವವರ ದಾರಿ ಇದು. ಲೆಕ್ಕದಲ್ಲಿ ಇದಕ್ಕೂ ಬೇರೆ ಚಕ್ರ ತರುವುದಕ್ಕೂ ಭೇದವಿಲ್ಲ. ಇಟಿ 67ರ ಚಕ್ರದ ಹಿಂದೆ 16 ಮಿ.ಮೀ. ಬಿಲ್ಲೆಯಿಟ್ಟರೆ ಅದು ಇಟಿ 51ರ ಚಕ್ರ ನಿಲ್ಲುವಲ್ಲೇ ನಿಲ್ಲುತ್ತದೆ. ನಮ್ಮ ರೈತರಿಗೆ ಈ ಗಣಿತ ಹೊಸದಲ್ಲ. ಟ್ರ್ಯಾಕ್ಟರಿನ ಹಿಂದಿನ ಚಕ್ರಗಳನ್ನು ಕಳಚಿ, ಮಗುಚಿ ಹಾಕಿ, ಬೆಳೆಯ ಸಾಲಿನ ಅಗಲಕ್ಕೆ ಹೊಂದಿಸಿಕೊಳ್ಳುವಾಗ ಅವರು ಮಾಡುವುದೂ ಇದನ್ನೇ.

ಹಾಗಾದರೆ ಕಾರ್ಖಾನೆ ಜಾಗ ಬಿಡುವುದೇಕೆ? ಒಂದು ಕಾರಣ ಕಾನೂನು. ಯುರೋಪಿನಲ್ಲಿ 1978ರ ನಿರ್ದೇಶನದಿಂದ ಬಂದ ನಿಯಮದ ಪ್ರಕಾರ ಚಕ್ರದ ನಡುವಿನಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿಯವರೆಗೆ ಮಡ್‌ಗಾರ್ಡು ಟೈರಿನ ಅಗಲವನ್ನು ಮುಚ್ಚಿರಬೇಕು. ಕಾರನ್ನು ಓಡಿಸುವ ಚಕ್ರಗಳಿಗೆ ಹಿಮದ ಸರಪಳಿ ಸುತ್ತುವ ಅವಕಾಶವೂ ಇರಬೇಕು. ತುಂಬಿದ ಕಾರು ಗುಂಡಿಗೆ ಇಳಿದು ಸಸ್ಪೆನ್ಶನ್ ಪೂರ್ತಿ ಅದುಮಿದಾಗ ಟೈರು ಎಲ್ಲಿಗೂ ಉಜ್ಜಬಾರದು. ಟೈರು ಕಂಪನಿಗಳ ಅಳತೆಗಳಲ್ಲಿ ಸಣ್ಣ ಏರುಪೇರೂ ಇರುತ್ತದೆ.

ಮುಂದಿನ ಚಕ್ರದ ವಿಷಯ ಇನ್ನೂ ಸೂಕ್ಷ್ಮ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಯಾವ ಅಕ್ಷದ ಸುತ್ತ ಹೊರಳುತ್ತದೋ ಆ ಅಕ್ಷವನ್ನು ನೆಲದವರೆಗೆ ಎಳೆದರೆ, ಅದು ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುಗೆರೆಗೂ ಇರುವ ದೂರ ಬಹಳ ಮುಖ್ಯ. 1972ರಲ್ಲಿ ಬಂದ ಆಡಿ 80ರಲ್ಲಿ ಅಕ್ಷದ ಬಿಂದು ಟೈರಿನ ನಡುಗೆರೆಗಿಂತ ಹೊರಗೆ ಬೀಳುವಂತೆ ವಿನ್ಯಾಸ ಮಾಡಿದ್ದರು. ಒಂದು ಬದಿ ಒಣ ಡಾಂಬರು, ಇನ್ನೊಂದು ಬದಿ ಒದ್ದೆ ಮಣ್ಣು ಇರುವಲ್ಲಿ ಬ್ರೇಕ್ ಒತ್ತಿದರೆ ಕಾರು ಒಣ ಬದಿಗೆ ಎಳೆಯುತ್ತದೆ. ಆಗ ಈ ಜೋಡಣೆ ಚಕ್ರಗಳನ್ನು ತಾನಾಗಿಯೇ ಎದುರು ದಿಕ್ಕಿಗೆ ಹೊರಳಿಸಿ ಕಾರನ್ನು ನೇರ ಇಡಲು ನೆರವಾಗುತ್ತದೆ. ಮುಂದಿನ ಚಕ್ರದ ಹಿಂದೆ ಇಡುವ ಪ್ರತಿ ಮಿಲಿಮೀಟರ್ ಬಿಲ್ಲೆಯೂ ಈ ದೂರವನ್ನು ಒಂದು ಮಿಲಿಮೀಟರಿನಷ್ಟು ಕದಲಿಸುತ್ತದೆ. ಹಿಂದಕ್ಕೆ 15 ಹಾಕಿ ಮುಂದಕ್ಕೆ 5ಕ್ಕೇ ನಿಲ್ಲಿಸುವವರು ವಿವೇಕಿಗಳು.

911ರ ಇತಿಹಾಸವೇ ಒಂದರ್ಥದಲ್ಲಿ ಹಿಂದಿನ ಚಕ್ರಗಳು ಹೊರಹೊರಗೆ ಸರಿದ ಇತಿಹಾಸ. 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಕಾರಿನ ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದೆ ತೂಗುತ್ತಿತ್ತು. ತಿರುವಿನ ನಡುವೆ ಆಕ್ಸಿಲರೇಟರಿನಿಂದ ತಟ್ಟನೆ ಕಾಲು ತೆಗೆದರೆ ಹಿಂಭಾಗ ಹೊರಕ್ಕೆ ಜಾರುತ್ತಿತ್ತು. 1969ರ ಮಾದರಿಗೆ ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿ ಅದಕ್ಕೆ ಮದ್ದು ಹುಡುಕಿದರು. ಇನ್ನೊಂದು ಮದ್ದು ಅಗಲದಲ್ಲಿತ್ತು. 1973ರ ಕರೆರಾ ಆರ್‌ಎಸ್ 2.7ಕ್ಕೆ ಮುಂದೆ 6 ಇಂಚಿನ, ಹಿಂದೆ 7 ಇಂಚಿನ ಚಕ್ರ ಹಾಕಿದರು. ಅದಕ್ಕೆಂದು ಹಿಂದಿನ ಮೈಯನ್ನು 42 ಮಿ.ಮೀ. ಅಗಲಿಸಿದರು. ರೇಸಿನ ಅರ್ಹತೆಗೆ 500 ಕಾರು ಸಾಕಿದ್ದಾಗ 1,580 ತಯಾರಾದವು. ಅದರ ರೇಸ್ ರೂಪವಾದ ಆರ್‌ಎಸ್‌ಆರ್, ಆ ವರ್ಷ ಸಿಸಿಲಿಯ ಗುಡ್ಡದ ರಸ್ತೆಗಳಲ್ಲಿ ನಡೆದ ಟಾರ್ಗಾ ಫ್ಲೋರಿಯೊವನ್ನು ಹರ್ಬರ್ಟ್ ಮ್ಯುಲರ್ ಮತ್ತು ಖೈಸ್ ವಾನ್ ಲೆನೆಪ್ ಚಾಲನೆಯಲ್ಲಿ ಗೆದ್ದುಕೊಂಡಿತು.

1974ರ ಪ್ಯಾರಿಸ್ ಪ್ರದರ್ಶನದಲ್ಲಿ ಉಬ್ಬಿದ ತೊಡೆಗಳ 911 ಟರ್ಬೊ ಬಂತು. ಮಡ್‌ಗಾರ್ಡು ಅಷ್ಟು ಅಗಲವಾದ ಮೇಲೆ ಚಕ್ರವನ್ನು ಅಲ್ಲಿಯವರೆಗೆ ತಲುಪಿಸುವುದು ಹೇಗೆ? ಪೋರ್ಷೆ ಎಷ್ಟೋ ಟರ್ಬೊಗಳ ಹಿಂದಿನ ಹಬ್‌ಗಳಿಗೆ ತಾನೇ ಸ್ಪೇಸರ್ ಕೂರಿಸಿ ಕಾರ್ಖಾನೆಯಿಂದ ಹೊರಗೆ ಕಳಿಸಿತು. ಮುಂದೆ 997ರ ಕಾಲದಲ್ಲೂ ಕೆಲವು ಚಕ್ರಗಳ ಜತೆ 5 ಮಿ.ಮೀ. ಸ್ಪೇಸರುಗಳನ್ನು ಉದ್ದನೆಯ ಬೋಲ್ಟುಗಳ ಸಮೇತ ಹೆಚ್ಚುವರಿ ಸೌಲಭ್ಯವೆಂದು ಮಾರಿತು. ಸ್ಪೇಸರ್ ಎಂದರೆ ಅಗ್ಗದ ತೇಪೆ ಎಂದು ಮೂಗು ಮುರಿಯುವವರು ಈ ಸಂಗತಿಯನ್ನು ಗಮನಿಸಬೇಕು.

ಈ ಬಿಲ್ಲೆಯ ಉದ್ಯಮ ಬೆಳೆದ ನೆಲವೂ ಕುತೂಹಲದ್ದು. ಜರ್ಮನಿಯ ಪಶ್ಚಿಮ ಭಾಗದ ಜೌವರ್‌ಲಾಂಡ್ ಕಾಡು ಗುಡ್ಡಗಳ ನಾಡು. ಹೊಳೆಗಳ ದಂಡೆಯಲ್ಲಿ ಶತಮಾನಗಳಿಂದ ಕಬ್ಬಿಣ ಬಡಿದು ತಂತಿ ಎಳೆದವರ ಪ್ರದೇಶ ಅದು. ಅಲ್ಲಿನ ಆಲ್ಟೆನಾ ಊರಿನಲ್ಲಿ ತಂತಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. 1967ರ 911 ಎಸ್‌ಗೆ ಐದು ದಳದ ಹೂವಿನಂಥ ಚಕ್ರವನ್ನು ಅಲ್ಯೂಮಿನಿಯಂನಲ್ಲಿ ಬಡಿದು ರೂಪಿಸಿಕೊಟ್ಟ ಫುಕ್ಸ್ ಕಂಪನಿ ಇರುವುದು ಇದೇ ಸೀಮೆಯ ಮೈನರ್ತ್ಸ್‌ಹಾಗೆನ್‌ನಲ್ಲಿ. 1951ರಲ್ಲಿ ಆರಂಭವಾದ, ಸ್ಪ್ರಿಂಗುಗಳಿಗೆ ಹೆಸರಾದ ಐಬಾಖ್ ಫಿನ್ನೆನ್‌ಟ್ರೋಪ್‌ನಲ್ಲಿದೆ. ಎಚ್ ಅಂಡ್ ಆರ್ ಲೆನೆಸ್ಟಾಟ್‌ನಲ್ಲಿದೆ. ಕ್ರೀಡಾ ಕಾರುಗಳ ಸ್ಪೇಸರಿನ ಮಾತು ಬಂದಲ್ಲೆಲ್ಲ ಕೇಳಿಬರುವುದು ಈ ಕೊನೆಯ ಎರಡು ಹೆಸರುಗಳೇ. ಅಂದರೆ 911ರ ಅತಿ ಪ್ರಸಿದ್ಧ ಚಕ್ರವೂ ಅದನ್ನು ಹೊರಕ್ಕೆ ದೂಡುವ ಬಿಲ್ಲೆಯೂ ಒಂದೇ ಗುಡ್ಡಸಾಲಿನ ಕುಲುಮೆ ಪರಂಪರೆಯವು.

ಕಸುಬು ಇದ್ದರೆ ಸಾಲದು, ಅದನ್ನು ನಂಬುವ ವ್ಯವಸ್ಥೆಯೂ ಬೇಕು. 1865ರಲ್ಲಿ ಮಾನ್‌ಹೈಮಿನ ಬಿಯರ್ ಕಾರ್ಖಾನೆಯೊಂದರಲ್ಲಿ ಉಗಿ ಬಾಯ್ಲರು ಸಿಡಿಯಿತು. ಬಾಯ್ಲರುಗಳನ್ನು ಪರೀಕ್ಷಿಸಲು ಮರುವರ್ಷ ಅಲ್ಲೊಂದು ಸಂಘ ಹುಟ್ಟಿತು. ಅಂಥ ಸಂಘಗಳಿಂದಲೇ ವಾಹನಗಳನ್ನೂ ಪರೀಕ್ಷಿಸುವ ಇಂದಿನ ಟ್ಯೂಫ್ ಸಂಸ್ಥೆ ಬೆಳೆಯಿತು. ಜರ್ಮನಿಯಲ್ಲಿ ಕಾರಿನ ಭಾಗವನ್ನು ಅಪಾಯವಾಗಬಹುದಾದ ರೀತಿಯಲ್ಲಿ ಬದಲಿಸಿದರೆ ಆ ಕಾರು ರಸ್ತೆಗಿಳಿಯುವ ಪರವಾನಗಿಯೇ ರದ್ದಾಗಬಹುದು. ಸ್ಪೇಸರ್ ತಯಾರಕರು ಆದ್ದರಿಂದ ಯಾವ ಕಾರಿಗೆ, ಯಾವ ಚಕ್ರ, ಯಾವ ಟೈರಿನ ಜತೆ ತಮ್ಮ ಬಿಲ್ಲೆ ಸುರಕ್ಷಿತ ಎಂಬ ಪರೀಕ್ಷಾ ಪತ್ರವನ್ನು ಜತೆಗೆ ಕೊಡುತ್ತಾರೆ. ಕಾರನ್ನು ಪರೀಕ್ಷಕರಿಗೆ ತೋರಿಸಿ, ಬದಲಾವಣೆಗೆ ಅವರ ಒಪ್ಪಿಗೆಯ ದಾಖಲೆ ಪಡೆದರೆ ಕೆಲಸ ಮುಗಿಯಿತು. ಆಸೆಗೂ ಎಚ್ಚರಕ್ಕೂ ಒಟ್ಟಿಗೆ ದಾರಿ ಮಾಡಿಕೊಟ್ಟ ಈ ಪದ್ಧತಿಯನ್ನು ಮೆಚ್ಚಲೇಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ವಿನ್ಯಾಸ ಬದಲಿಸುವುದಕ್ಕೆ ಬಿಗಿಯಾದ ಮಿತಿ ಹಾಕಿದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ.

ಕೆಲಸದಲ್ಲಿ ತಪ್ಪುವುದು ಬಹುಪಾಲು ಎರಡು ಕಡೆ. ಮೊದಲನೆಯದು ನಡುವಿನ ತೂತು. 997ರ ಚಕ್ರ ಹಬ್‌ನಿಂದ ಚಾಚಿದ 71.6 ಮಿ.ಮೀ. ವ್ಯಾಸದ ಅಂಚಿನ ಮೇಲೆ ಕೂತು ಕೇಂದ್ರ ಹಿಡಿಯುತ್ತದೆ. ಬೋಲ್ಟುಗಳ ಕೆಲಸ ಅದನ್ನು ಒತ್ತಿ ಹಿಡಿಯುವುದು. 5 ಮಿ.ಮೀ. ಬಿಲ್ಲೆಯಾದರೆ ಆ ಅಂಚು ಇನ್ನೂ ಸ್ವಲ್ಪ ಹೊರಗೆ ಉಳಿದಿರುತ್ತದೆ. ದಪ್ಪ ಬಿಲ್ಲೆಯಲ್ಲಿ ಹೊಸ ಅಂಚನ್ನೇ ಕೊರೆದಿರುತ್ತಾರೆ. ಇವೆರಡರ ನಡುವಿನ ದಪ್ಪದಲ್ಲಿ ಹಳೆಯ ಅಂಚು ಮುಳುಗಿಹೋಗುತ್ತದೆ, ಹೊಸ ಅಂಚಿಗೆ ಲೋಹ ಸಾಲುವುದಿಲ್ಲ. ಚಕ್ರ ಕೂದಲೆಳೆಯಷ್ಟು ಓರೆಯಾಗಿ ಕೂತರೂ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ.

ಎರಡನೆಯದು ಬೋಲ್ಟು. ಗಾಳಿಯಿಂದ ತಂಪಾಗುವ ಎಂಜಿನ್ನಿನ ಹಳೆಯ 911ಗಳಲ್ಲಿ ಹಬ್‌ನಿಂದ ಸ್ಟಡ್‌ಗಳು ಚಾಚಿರುತ್ತಿದ್ದವು, ಮೇಲೆ ನಟ್ ಬಿಗಿಯುತ್ತಿದ್ದರು. 1997ರ 996 ಪೀಳಿಗೆಯಿಂದ ನಟ್ ಹೋಗಿ ಬೋಲ್ಟ್ ಬಂತು. ಬಿಲ್ಲೆ ಎಷ್ಟು ದಪ್ಪವೋ ಬೋಲ್ಟು ಮೊದಲಿಗಿಂತ ಅಷ್ಟು ಹೆಚ್ಚು ಉದ್ದವಿರಬೇಕು. 14 ಮಿ.ಮೀ. ವ್ಯಾಸದ ಬೋಲ್ಟು ಹಬ್‌ನೊಳಗೆ ಕನಿಷ್ಠ ಏಳೂವರೆ ಸುತ್ತು ಹಿಡಿದಿರಬೇಕು ಎಂಬುದು ತಯಾರಕರ ಸೂಚನೆ. ಗಿಡ್ಡವಾದರೆ ಥ್ರೆಡ್ ಕಿತ್ತು ಬರುತ್ತದೆ. ಉದ್ದವಾದರೆ ಹಿಂದಿನ ಡಿಸ್ಕಿನೊಳಗೆ ಅಡಗಿರುವ ಹ್ಯಾಂಡ್‌ಬ್ರೇಕಿನ ಭಾಗಗಳಿಗೆ ತಾಗಬಹುದು. ಪೋರ್ಷೆ ಬೋಲ್ಟಿನ ತಲೆಯ ಅಡಿ ಚೆಂಡಿನಂತೆ ದುಂಡು. ಶಂಕುವಿನಾಕಾರದ ಬೋಲ್ಟು ಅಲ್ಲಿ ಬಿಗಿಯಾದಂತೆ ಕಂಡರೂ ಕೂರುವುದು ತೆಳ್ಳನೆಯ ಗೆರೆಯೊಂದರ ಮೇಲೆ ಮಾತ್ರ. ಟಾರ್ಕ್ ಪಾನಾದಲ್ಲಿ 130 ನ್ಯೂಟನ್ ಮೀಟರಿಗೆ ಬಿಗಿದು, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೆ ನೋಡುವುದನ್ನು ಯಾವ ಒಳ್ಳೆಯ ಮೆಕ್ಯಾನಿಕ್ಕೂ ಬಿಡುವುದಿಲ್ಲ.

ಇಷ್ಟೆಲ್ಲ ಮಾಡಿ ಸಿಗುವುದೇನು? ಒಂದೊಂದು ಬದಿಗೆ 15 ಮಿ.ಮೀ. ಸೇರಿಸಿದರೆ ಸುಮಾರು ಒಂದೂವರೆ ಮೀಟರ್ ಇರುವ ಹಿಂದಿನ ಚಕ್ರಗಳ ಅಂತರ 30 ಮಿ.ಮೀ. ಹೆಚ್ಚುತ್ತದೆ, ಅಂದರೆ ಶೇ 2. ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ದಾಟುವ ಭಾರವೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಬದಲಿಗೆ ಬೇರಿಂಗಿನ ಮೇಲೆ ಸನ್ನೆಯ ಹೊರೆ ಏರುತ್ತದೆ, ಸ್ಪ್ರಿಂಗು ಒಂದಿಷ್ಟು ಮೆದುವಾದಂತೆ ವರ್ತಿಸುತ್ತದೆ. ಟ್ರ್ಯಾಕಿನಲ್ಲಿ ಗಡಿಯಾರ ಹಿಡಿದು ಓಡಿಸುವವರನ್ನು ಬಿಟ್ಟರೆ ಉಳಿದವರು ಸ್ಪೇಸರ್ ಹಾಕುವುದು ಕಣ್ಣಿಗಾಗಿ. ಮಡ್‌ಗಾರ್ಡಿನ ಅಂಚಿಗೆ ಸಮನಾಗಿ ನಿಂತ ಟೈರು 911ರ ಹಿಂಭಾಗಕ್ಕೆ ಕೊಡುವ ಗಟ್ಟಿತನ ನಿಜಕ್ಕೂ ಚೆಂದ. ಚೆಂದವನ್ನು ಚೆಂದವೆಂದೇ ಹೇಳಬಹುದು, ಅದಕ್ಕೆ ರೇಸಿನ ನೆಪ ಬೇಕಿಲ್ಲ.

ಕಾರ್ಖಾನೆಯೂ ಅದೇ ದಿಕ್ಕಿನಲ್ಲಿ ನಡೆದಿದೆ. 2011ರ 991 ಪೀಳಿಗೆಯ ಕರೆರಾ ಎಸ್‌ನಲ್ಲಿ ಮುಂದಿನ ಚಕ್ರಗಳ ಅಂತರವನ್ನು 52 ಮಿ.ಮೀ. ಹಿಗ್ಗಿಸಿದರು. 2018ರಲ್ಲಿ ಬಂದ 992ರಲ್ಲಿ ಕಿರಿದಾದ ಮೈಯನ್ನೇ ಕೈಬಿಟ್ಟರು. ಎರಡು ಚಕ್ರ ಎಳೆಯುವ ಕರೆರಾಗೂ ನಾಲ್ಕು ಚಕ್ರದ್ದಕ್ಕೂ ಈಗ ಒಂದೇ 1,852 ಮಿ.ಮೀ. ಅಗಲ. ಆದರೂ ಐಬಾಖ್ ಮತ್ತು ಎಚ್ ಅಂಡ್ ಆರ್‌ಗಳ ಪಟ್ಟಿಯಲ್ಲಿ 992ಕ್ಕೆ ಹೊಂದುವ ಸ್ಪೇಸರುಗಳಿವೆ.