ಕಾಕಾನ ಟ್ರ್ಯಾಕ್ಟರ್‌ಗೆ ಎಲ್‌ಇಡಿ

ಜೀಪಿನ ತಲೆ ಮೇಲೆ ಸಾಲು ಎಲ್‌ಇಡಿ ಹಾಕಿಸಿ ರೀಲ್ಸ್ ಮಾಡುವವರನ್ನು ನೀವೂ ನೋಡಿರುತ್ತೀರಿ. ನಮ್ಮ ಯಾದಗಿರಿ ಕಡೆ ನಿಜವಾದ ಆಫ್‌ರೋಡ್ ಗಾಡಿ ಎಂದರೆ ಟ್ರ್ಯಾಕ್ಟರ್. ನಾರಾಯಣಪುರ ಎಡದಂಡೆ ಕಾಲುವೆಗೆ ವಾರಬಂದಿ ಪ್ರಕಾರ ನೀರು ಬಿಟ್ಟರೆ ಶಹಾಪುರ, ಸುರಪುರ ಭಾಗದ ಭತ್ತದ ಗದ್ದೆಗಳಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರ್ ಓಡುತ್ತವೆ. ನೀರಿದ್ದಾಗಲೇ ಗದ್ದೆ ಕೆಸರು ಮಾಡಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಕಳೆದ ವರ್ಷ ರಜೆಗೆ ಊರಿಗೆ ಹೋದಾಗ ಕಾಕಾ ಹೇಳಿದ್ದರು: ‘ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಇದಕ್ಕೊಂದು ಛಲೋ ಲೈಟ್ ಹಾಕಿ ಕೊಡು. ರಾತ್ರಿ ಬದು ಕಾಣಂಗಿಲ್ಲ.’

ಯಾದಗಿರಿಯಿಂದ ‘120 ವಾಟ್’ ಎಂದು ಬರೆದಿದ್ದ ಎಲ್‌ಇಡಿ ಬಾರ್ ತಂದೆ. ಹೆಡ್‌ಲೈಟಿನ ವೈರ್ ಸುಲಿದು, ಬಾರಿನ ವೈರನ್ನು ಅದಕ್ಕೇ ತಿರುಚಿ ಟೇಪ್ ಸುತ್ತಿದೆ. ಗದ್ದೆಯೆಲ್ಲ ಬೆಳಕು! ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ. ಸ್ವಿಚ್ ಕರಗಿತ್ತು, ಇದ್ದ ಹೆಡ್‌ಲೈಟೂ ಹೋಗಿತ್ತು. ಕಾಕಾ ಬೈಯಲಿಲ್ಲ. ಕಾಲುವೆ ನೀರು ಹರಿಯುತ್ತಲೇ ಇತ್ತು, ಕೆಲಸ ಮಾತ್ರ ನಿಂತಿತ್ತು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ಮರುದಿನ ಮಲ್ಟಿಮೀಟರ್ ಹಿಡಿದು ಕುಳಿತೆ. ಬಾರ್ ಎಳೆಯುತ್ತಿದ್ದುದು 6 ಆಂಪ್ಸ್. ಅಂದರೆ 12 ವೋಲ್ಟ್‌ಗೆ 72 ವಾಟ್. ಡಬ್ಬಿಯ ಮೇಲಿನ 120 ಬರೀ ಬರಹ. 55 ವಾಟ್‌ನ ಎರಡು ಹೆಡ್‌ಲೈಟ್ ಬಲ್ಬ್‌ಗಳೇ ಸುಮಾರು 9 ಆಂಪ್ಸ್ ಎಳೆಯುತ್ತವೆ. ಎರಡೂ ಸೇರಿ 15 ಆಂಪ್ಸ್ ಒಂದೇ ಸ್ವಿಚ್ ಮೇಲೆ ಬಿದ್ದಿತ್ತು. ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದ ಲೆಕ್ಕ, ಗದ್ದೆಯಲ್ಲಿ ಮರೆತಿದ್ದೆ.

ಈ ಸಲ ಬ್ಯಾಟರಿಯಿಂದ ಬೇರೆಯೇ ವೈರ್ ಎಳೆದೆ. ಬ್ಯಾಟರಿ ಪಕ್ಕದಲ್ಲೇ 10 ಆಂಪ್ಸ್ ಫ್ಯೂಸ್, ಆಮೇಲೆ ರಿಲೇ. ರಿಲೇಯ 30ನೇ ಪಿನ್‌ಗೆ ಫ್ಯೂಸ್‌ನಿಂದ ಬಂದ ವೈರ್, 87ಕ್ಕೆ ಲೈಟ್, 86ಕ್ಕೆ ಸ್ವಿಚ್, 85ಕ್ಕೆ ಅರ್ಥ್. ಹೀಗಾದರೆ ಸ್ವಿಚ್ ಮೇಲೆ ಸಣ್ಣ ಕರೆಂಟ್ ಮಾತ್ರ. ದೊಡ್ಡದು ರಿಲೇ ಮೂಲಕ ಹೋಗುತ್ತದೆ. ಕೆಸರು, ನೀರು ಸಿಡಿಯುವ ಗಾಡಿಗೆ ಐಪಿ67 ಗುರುತಿನ ಲೈಟ್ ಒಳ್ಳೆಯದು. ಎಲ್‌ಇಡಿಯ ಬಿಸಿ ಹಿಂಬದಿಯ ಲೋಹದ ರೆಕ್ಕೆಗಳಿಂದ ಹೋಗಬೇಕು. ಅಲ್ಲಿ ಕೆಸರು ಮೆತ್ತಿಕೊಂಡರೆ ಆಯುಷ್ಯ ಕಡಿಮೆ.

ಇನ್ನೊಂದು ಪಾಠ ಬಾಕಿ ಇತ್ತು. ಕೆಲಸ ಮುಗಿಸಿ ಬಾರ್ ಆರಿಸದೆ ಶಹಾಪುರ–ಸುರಪುರ ರಸ್ತೆಗೆ ಬಂದೆವು. ಎದುರಿಗೆ ಬಂದ ಬೈಕ್ ಸರಕ್ಕನೆ ಪಕ್ಕಕ್ಕೆ ಸರಿದು ಮಣ್ಣಿಗಿಳಿದು ನಿಂತಿತು. ಹಿಂದೆ ಮಗುವನ್ನು ಹಿಡಿದು ಕುಳಿತ ತಾಯಿ. ಸವಾರ ಜಗಳವಾಡಲಿಲ್ಲ. ‘ತಮ್ಮಾ, ನಿನ್ನ ಲೈಟಿಗೆ ನನಗ ರಸ್ತೆನ ಕಾಣಲಿಲ್ಲ’ ಎಂದಷ್ಟೇ ಹೇಳಿದರು.

ಹೆಡ್‌ಲೈಟನ್ನು ಡಿಪ್ ಮಾಡಬಹುದು. ಬಾರ್‌ಗೆ ಡಿಪ್ ಇಲ್ಲ, ನೇರ ಕಣ್ಣಿಗೇ ಹೊಡೆಯುತ್ತದೆ. ಕಂಪನಿ ಕೊಟ್ಟ ವಾಹನದ ಸ್ವರೂಪ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕಿದೆ. ಕಣ್ಣು ಕುಕ್ಕುವ ಎಲ್‌ಇಡಿ ಲೈಟ್‌ಗಳ ವಿರುದ್ಧ 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಪ್ರಕರಣ ದಾಖಲಿಸಲು ಶುರು ಮಾಡಿದ್ದೂ ಇದಕ್ಕೇ.

ಈಗ ಕಾಕಾನ ಬಾರ್ ನೆಲಕ್ಕೆ ಬಾಗಿದೆ. ರಸ್ತೆಗೆ ಇಳಿಯುವ ಮುನ್ನ ಸ್ವಿಚ್ ಆಫ್, ಮೇಲೆ ದಪ್ಪ ಬಟ್ಟೆಯ ಹೊದಿಕೆ. ಪಕ್ಕದ ಹೊಲದವರೂ ಹೀಗೇ ಹಾಕಿಸಿಕೊಂಡರು. ಎಲ್ಲರಿಗೂ ಫ್ಯೂಸ್ ಜೊತೆಗೆ ಒಂದು ಹೊದಿಕೆಯನ್ನೂ ಕೊಟ್ಟಿದ್ದೇನೆ.