ನಿಲ್ಲಿಸುವ ದಿನ ಬರೆಯದ ಚೀಟಿ

ಹಿರಿಯೂರಿನ ಬಸ್ ನಿಲ್ದಾಣದ ಆಸುಪಾಸಿನ ಯಾವ ಔಷಧಿ ಅಂಗಡಿಯ ಮುಂದಾದರೂ ಬೆಳಗಿನ ಹೊತ್ತು ಸ್ವಲ್ಪ ನಿಂತು ನೋಡಿ. “ಗ್ಯಾಸ್ಟ್ರಿಕ್‌ದು ಒಂದು ಶೀಟ್ ಕೊಡಪ್ಪ” ಎಂಬ ಮಾತು ಕಿವಿಗೆ ಬೀಳದೆ ಇರುವುದಿಲ್ಲ. “ಯಾವ್ದು ಯಜಮಾನ್ರೇ, ಬರೀ ಪ್ಯಾನಾ, ಡಿ ಇರೋದಾ?” ಎಂದು ಅಂಗಡಿಯ ಹುಡುಗ ಕೇಳುತ್ತಾನೆ. “ಅದೇ, ಹೋದ ಸಲ ಕೊಟ್ಟಿದ್ಯಲ್ಲ, ಅದು.” ಅಷ್ಟಕ್ಕೆ ವ್ಯಾಪಾರ ಮುಗಿಯಿತು. ವೈದ್ಯರ ಚೀಟಿಯನ್ನು ಇವರು ತೋರಿಸುವುದಿಲ್ಲ, ಅವರು ಕೇಳುವುದೂ ಇಲ್ಲ. ಚೀಟಿಯಿಲ್ಲದೆ ಮಾರಬಾರದು ಎಂದು ಹೇಳುವ ಕೆಂಪು ಗೆರೆ ಆ ಶೀಟಿನ ಮೇಲೆಯೇ ಇರುತ್ತದೆ. ಅದರತ್ತ ಯಾರ ಕಣ್ಣೂ ಹೋಗುವುದಿಲ್ಲ.

ಪ್ಯಾಂಟಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್. ಹೆಸರು ಯಾವುದಿದ್ದರೂ ಮಾಡುವ ಕೆಲಸ ಒಂದೇ, ಜಠರದಲ್ಲಿ ಆಮ್ಲ ಹುಟ್ಟುವುದನ್ನು ತಡೆಯುವುದು. ಚಿತ್ರದುರ್ಗ ಜಿಲ್ಲೆಯ ಮನೆಗಳಲ್ಲಿ ಬಿಪಿ, ಶುಗರ್ ಮಾತ್ರೆಗಳ ಡಬ್ಬಿಯಲ್ಲಿ ಇದಕ್ಕೂ ಒಂದು ಕಾಯಂ ಜಾಗ ಸಿಕ್ಕಿಬಿಟ್ಟಿದೆ. ಬಿಪಿ ಮಾತ್ರೆ ಯಾಕೆ ಎಂದು ಕೇಳಿದರೆ ಮನೆಯವರು ಉತ್ತರ ಹೇಳುತ್ತಾರೆ. ಇದು ಯಾಕೆ, ಯಾವತ್ತಿನಿಂದ ಎಂದು ಕೇಳಿದರೆ “ಡಾಕ್ಟ್ರು ಬರೆದಿದ್ರು” ಎನ್ನುತ್ತಾರೆ. ಬರೆದದ್ದು ಬಹುಶಃ ಒಂದು ಜ್ವರಕ್ಕೋ ಹಲ್ಲುನೋವಿಗೋ. ಆಂಟಿಬಯೋಟಿಕ್ ಕೊಟ್ಟಾಗ ‘ಹೊಟ್ಟೆಗೆ ಒಂದು’ ಎಂದು ಸೇರಿಸಿದ ಮಾತ್ರೆ ಅದು. ಜ್ವರ ಹೋಯಿತು, ಆಂಟಿಬಯೋಟಿಕ್ ಮುಗಿಯಿತು, ಹೊಟ್ಟೆಯದು ಮಾತ್ರ ಉಳಿದುಕೊಂಡಿತು.

ಮಾತ್ರೆಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಹೊಟ್ಟೆ ಹುಣ್ಣು ಎಂದರೆ ಆಪರೇಷನ್ ಎಂದು ಜನ ಹೆದರುತ್ತಿದ್ದ ಕಾಲವಿತ್ತು. ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1976ರಲ್ಲಿ ಸಿಮೆಟಿಡಿನ್ ಬಂದ ಮೇಲೆ ಆ ಭಯ ಕರಗತೊಡಗಿತು. ಅದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಸಿಕ್ಕಿತು. ಅದೇ ವರ್ಷ ಸ್ವೀಡನ್ನಿನಿಂದ ಒಮೆಪ್ರಜೋಲ್ ಮಾರುಕಟ್ಟೆಗೆ ಬಂತು. ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 2005ರಲ್ಲಿ ನೊಬೆಲ್ ಪಡೆದರು. ಆ ಬ್ಯಾಕ್ಟೀರಿಯಾವನ್ನು ಓಡಿಸುವ ಚಿಕಿತ್ಸೆಯಲ್ಲೂ ಈ ಮಾತ್ರೆ ಬೇಕೇ ಬೇಕು. ನಮ್ಮಲ್ಲಿ ದಶಕಗಟ್ಟಲೆ ಎಲ್ಲರ ಜೇಬಿನಲ್ಲಿದ್ದ ರಾನಿಟಿಡಿನ್ ಮೇಲೆ 2019ರಲ್ಲಿ ಎನ್‌ಡಿಎಂಎ ಎಂಬ ಕಲ್ಮಶದ ಸಂಶಯ ಬಿತ್ತು. 2022ರಲ್ಲಿ ಕೇಂದ್ರ ಸರ್ಕಾರ ಅದನ್ನು ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟಿತು. ಅಷ್ಟು ಹೊತ್ತಿಗಾಗಲೇ ‘ಪ್ರಜೋಲ್’ಗಳೇ ರಾಜ್ಯಭಾರ ಮಾಡುತ್ತಿದ್ದವು.

ಹುಣ್ಣಿಗೋ ಅನ್ನನಾಳದ ಉರಿಗೋ ಇವುಗಳನ್ನು ಸಾಮಾನ್ಯವಾಗಿ ಕೊಡುವುದು ನಾಲ್ಕರಿಂದ ಎಂಟು ವಾರ. ಎಂಟು ವಾರ ಎಂಟು ವರ್ಷವಾಗುವುದಕ್ಕೆ ರೋಗಿಯ ಸೋಮಾರಿತನವಾಗಲಿ ಅಂಗಡಿಯವನ ದುರಾಸೆಯಾಗಲಿ ಪೂರ್ತಿ ಕಾರಣವಲ್ಲ. ನಿಲ್ಲಿಸಲು ಹೋದವನನ್ನು ಮಾತ್ರೆಯೇ ಹಿಂದಕ್ಕೆಳೆಯುತ್ತದೆ.

ಜಠರದ ಗೋಡೆಯ ಜೀವಕೋಶಗಳಲ್ಲಿ ಆಮ್ಲವನ್ನು ಹೊರಕ್ಕೆ ತಳ್ಳುವ ಸೂಕ್ಷ್ಮ ಪಂಪುಗಳಿವೆ. ಊಟದ ಹೊತ್ತಿಗೆ ಅವು ಚಾಲೂ ಆಗುತ್ತವೆ. ಮಾತ್ರೆ ಹಿಡಿಯುವುದು ಓಡುತ್ತಿರುವ ಪಂಪನ್ನು ಮಾತ್ರ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು ಎನ್ನುವುದು. (ಮುದ್ದೆ ಉಂಡು, ಎಲೆಅಡಿಕೆ ಹಾಕಿ, ಮಲಗುವ ಮುಂಚೆ ನೆನಪಾದಾಗ ನುಂಗುವವರಿಗೆ ಅದರ ಪೂರ್ತಿ ಪ್ರಯೋಜನ ಸಿಗುವುದಿಲ್ಲ.) ಹಿಡಿದ ಪಂಪು ಮತ್ತೆ ಓಡುವುದಿಲ್ಲ, ದೇಹ ಹೊಸದನ್ನು ಮಾಡಿಕೊಳ್ಳಬೇಕು. ಆಮ್ಲ ಇಳಿದದ್ದನ್ನು ಕಂಡ ದೇಹ ಸುಮ್ಮನೆ ಕೂರುವುದೂ ಇಲ್ಲ. ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಆಮ್ಲಕ್ಕೆ ಪ್ರಚೋದನೆ ಕೊಡುವ ಜೀವಕೋಶಗಳನ್ನು ಬೆಳೆಸುತ್ತದೆ. ಒಂದು ಬೋರು ಬತ್ತಿದರೆ ಪಕ್ಕದಲ್ಲೇ ಇನ್ನೆರಡು ಕೊರೆಸುವ ನಮ್ಮ ಹೊಸದುರ್ಗದ ತೋಟದವರ ಹಾಗೆ. ಒಂದು ದಿನ ಇದ್ದಕ್ಕಿದ್ದಂತೆ ಮಾತ್ರೆ ನಿಂತರೆ ಹಳೆಯದು ಹೊಸದು ಎಲ್ಲವೂ ಒಟ್ಟಿಗೆ ಶುರುವಾಗುತ್ತವೆ. ಎದೆ ಉರಿ, ಹುಳಿ ತೇಗು, ಗಂಟಲಿಗೆ ನುಗ್ಗುವ ಖಾರ ನೀರು ಮೊದಲಿಗಿಂತ ಜಾಸ್ತಿಯಾಗುತ್ತವೆ.

ಇದು ರೋಗವೋ ಮಾತ್ರೆಯ ಪ್ರತಾಪವೋ ಎಂಬ ಪ್ರಶ್ನೆಗೆ 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು ಚೆನ್ನಾಗಿ ಉತ್ತರ ಕೊಟ್ಟಿದೆ. ಹೊಟ್ಟೆಯ ತೊಂದರೆಯೇ ಇಲ್ಲದ 120 ಆರೋಗ್ಯವಂತರನ್ನು ಆರಿಸಿದರು. ಅರ್ಧ ಜನರಿಗೆ ಎಂಟು ವಾರ ಇಸೋಮೆಪ್ರಜೋಲ್ ಕೊಟ್ಟು, ಆಮೇಲೆ ನಾಲ್ಕು ವಾರ ಅವರಿಗೆ ತಿಳಿಯದಂತೆ ಸತ್ವವಿಲ್ಲದ ಮಾತ್ರೆ ಕೊಟ್ಟರು. ಉಳಿದವರಿಗೆ ಹನ್ನೆರಡು ವಾರವೂ ಸತ್ವವಿಲ್ಲದ್ದೇ. ಕೊನೆಯ ನಾಲ್ಕು ವಾರಗಳಲ್ಲಿ ಮೊದಲ ಗುಂಪಿನ ಶೇ 44ರಷ್ಟು ಜನರಿಗೆ ಎದೆ ಉರಿ, ಹುಳಿ ತೇಗಿನಂಥ ತೊಂದರೆ ಕಾಣಿಸಿತು. ಎರಡನೇ ಗುಂಪಿನಲ್ಲಿ ಅದು ಶೇ 15 ಮಾತ್ರ. ಏನೂ ಇಲ್ಲದಿದ್ದವರಿಗೆ ಎರಡು ತಿಂಗಳ ಮಾತ್ರೆಯೇ ಎದೆ ಉರಿ ಹಚ್ಚಿತ್ತು. ಹಾಗಿದ್ದ ಮೇಲೆ ಹೊಳಲ್ಕೆರೆಯ ಮೇಷ್ಟ್ರೊಬ್ಬರು ಐದು ವರ್ಷ ನುಂಗಿದ್ದನ್ನು ನಿಲ್ಲಿಸಿ, ನಾಲ್ಕನೇ ದಿನ ಎದೆ ಹಿಡಿದುಕೊಂಡು “ನೋಡಿದ್ರಾ, ಇದಿಲ್ದೆ ಆಗಲ್ಲ” ಎಂದರೆ ತಪ್ಪು ಅವರದ್ದಲ್ಲ. ಹೀಗಾಗುತ್ತದೆ, ಕೆಲವು ವಾರಗಳಲ್ಲಿ ಇಳಿಯುತ್ತದೆ ಎಂದು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಈ ಕಥೆಗೆ ಚಿತ್ರದುರ್ಗದ್ದೇ ಆದ ಒಂದು ಪದರವಿದೆ. ಅದು ನೆಲದಡಿಯ ನೀರಿನಲ್ಲಿದೆ.

ಜಿಲ್ಲೆಯ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ, ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿ ವಿಲಾಸ ಸಾಗರ ಜಲಾಶಯ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಹೋಗಿ ಬಾಗಿನ ಅರ್ಪಿಸಿದಷ್ಟು ಸಂಭ್ರಮಪಟ್ಟಿತು. ಮಾರಿಕಣಿವೆಯ ನೀರು, ಸೂಳೆಕೆರೆಯ ನೀರು ನಲ್ಲಿಯಲ್ಲಿ ಬರುವ ಊರುಗಳವರು ಪುಣ್ಯವಂತರು. ಬೋರ್ ನೀರನ್ನೇ ವರ್ಷಗಟ್ಟಲೆ ಕುಡಿದವರ ಹಲ್ಲಿನಲ್ಲಿ ಕಂದು ಕಲೆ, ಮಂಡಿ ಬೆನ್ನುಗಳಲ್ಲಿ ನೋವು. ನೋವಿಗೆ ನೋವಿನ ಮಾತ್ರೆ, ಡೈಕ್ಲೋಫೆನಾಕ್ ಅಥವಾ ಅಸೆಕ್ಲೋಫೆನಾಕ್. ಅದು ಜಠರದ ಒಳಪದರವನ್ನು ತಿನ್ನುತ್ತದೆ, ಉರಿ ಬರುತ್ತದೆ. ಉರಿಗೆ ಪ್ಯಾಂಟಪ್ರಜೋಲ್. ವಯಸ್ಸಾದವರು ನೋವಿನ ಮಾತ್ರೆ ತೆಗೆದುಕೊಳ್ಳುವಷ್ಟು ದಿನ ಹೊಟ್ಟೆಯ ರಕ್ಷಣೆಗೆ ಇದು ಬೇಕು ನಿಜ. ಆದರೆ ನೋವಿನ ಮಾತ್ರೆ ಬಿಟ್ಟ ಮೇಲೂ ಇದನ್ನು ಬಿಡಿ ಎಂದು ಹೇಳುವವರಿಲ್ಲ.

ಇನ್ನೂ ಒಂದು ಸಂಗತಿಯುಂಟು. ಹೆಚ್ಚಿನ ಫ್ಲೋರೈಡ್ ತಾನೇ ಜಠರಕ್ಕೆ ಕಿರಿಕಿರಿ ಮಾಡುತ್ತದೆ. ಹುಣ್ಣಿಲ್ಲದೆ ಬರುವ ಹೊಟ್ಟೆನೋವು, ಉಬ್ಬರ, ವಾಕರಿಕೆ ಫ್ಲೋರೋಸಿಸ್‌ನ ಲಕ್ಷಣಗಳಾಗಿರಬಹುದು ಎಂದು ಉತ್ತರ ಭಾರತದ ಹಳ್ಳಿಗಳಲ್ಲಿ ಕೆಲಸ ಮಾಡಿದ ಪ್ರೊ. ಎ.ಕೆ. ಸುಶೀಲಾ ಮತ್ತವರ ಸಂಗಡಿಗರು 1990ರ ದಶಕದಲ್ಲೇ ಬರೆದರು. ಎಂಡೋಸ್ಕೋಪಿಯಲ್ಲಿ ಏನೂ ಕಾಣದ, ಮಾತ್ರೆಗೂ ಬಗ್ಗದ ಹೊಟ್ಟೆನೋವಿನವರನ್ನು “ಯಾವ ನೀರು ಕುಡೀತೀರಿ?” ಎಂದು ಕೇಳುವ ಅಭ್ಯಾಸ ನಮ್ಮ ಜಿಲ್ಲೆಯಲ್ಲಾದರೂ ಇರಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ತೊಂದರೆ ನೀರಿನ ಕೊಡದಲ್ಲಿದ್ದರೆ ಮದ್ದು ಹೊಟ್ಟೆಗೆ ಬೀಳುತ್ತಿದೆ.

ವರ್ಷಗಟ್ಟಲೆ ನುಂಗಿದರೆ ಏನಾಗುತ್ತದೆ? ವಾಟ್ಸ್‌ಆ್ಯಪ್ ಪ್ರಕಾರ ಕಿಡ್ನಿ ಹೋಗುತ್ತದೆ, ಮೂಳೆ ಪುಡಿಯಾಗುತ್ತದೆ, ಮರೆವು ಬರುತ್ತದೆ. ಅಷ್ಟು ಹೆದರಬೇಕಾಗಿಲ್ಲ. ಈ ಆರೋಪಗಳಲ್ಲಿ ಹೆಚ್ಚಿನವು ಹಳೆಯ ದಾಖಲೆಗಳನ್ನು ಜಾಲಾಡಿ ಕಂಡ ಸಂಬಂಧಗಳು. ಮಾತ್ರೆ ಹೆಚ್ಚು ತಿನ್ನುವವರು ಮೊದಲೇ ಹೆಚ್ಚು ಕಾಯಿಲೆಯವರು ಎಂಬ ತೊಡಕು ಅವುಗಳಲ್ಲಿದೆ. 2019ರಲ್ಲಿ ಪ್ರಕಟವಾದ ಕಂಪಾಸ್ ಪ್ರಯೋಗದಲ್ಲಿ 17,598 ಜನರಿಗೆ ಸುಮಾರು ಮೂರು ವರ್ಷ ಪ್ಯಾಂಟಪ್ರಜೋಲ್ ಅಥವಾ ಸತ್ವವಿಲ್ಲದ ಮಾತ್ರೆ ಕೊಟ್ಟು ನೋಡಿದರು. ಸ್ಪಷ್ಟವಾಗಿ ಹೆಚ್ಚಿದ್ದು ಕರುಳಿನ ಸೋಂಕು ಒಂದೇ, ಪ್ಯಾಂಟಪ್ರಜೋಲ್ ತಿಂದವರಲ್ಲಿ ಶೇ 1.4, ಸತ್ವವಿಲ್ಲದ್ದನ್ನು ತಿಂದವರಲ್ಲಿ ಶೇ 1.0. ಮೂತ್ರಪಿಂಡದ ಉರಿಯೂತ ಅಪರೂಪಕ್ಕೆ ಆಗುತ್ತದೆ, ಆದರೆ ಆದಾಗ ಗಂಭೀರ. ಮೆಗ್ನೀಷಿಯಂ ಇಳಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಸಿತು.

ನಮ್ಮವರು ನಿಜವಾಗಿ ಯೋಚಿಸಬೇಕಾದದ್ದು ಬಿ12 ಬಗ್ಗೆ. ಆಹಾರದಿಂದ ಬಿ12 ಬಿಡುಗಡೆಯಾಗಲು ಜಠರದ ಆಮ್ಲ ಬೇಕು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಈ ಮಾತ್ರೆ ತಿಂದವರಲ್ಲಿ ಬಿ12 ಕೊರತೆಯ ಸಂಭವ ಶೇ 65ರಷ್ಟು ಹೆಚ್ಚು ಎಂದು 2013ರ ಕ್ಯಾಲಿಫೋರ್ನಿಯಾದ ಅಧ್ಯಯನ ಕಂಡಿತು. ಈಗ ಸಿರಿಗೆರೆ, ಸಾಣೇಹಳ್ಳಿ ಸೀಮೆಯ ಒಬ್ಬ ಹಿರಿಯರನ್ನು ನೆನೆಯಿರಿ. ಹುಟ್ಟಿನಿಂದ ಸಸ್ಯಾಹಾರಿ, ಬಿ12ಗೆ ಹಾಲು ಮಜ್ಜಿಗೆಯೇ ಗತಿ. ಹತ್ತು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್, ಅದೂ ಬಿ12 ಇಳಿಸುತ್ತದೆ. ಮೇಲೆ ದಿನಾ ಬೆಳಿಗ್ಗೆ ಪ್ಯಾಂಟಪ್ರಜೋಲ್. ಅಂಗಾಲು ಜುಮುಗುಟ್ಟಿದರೆ “ಶುಗರ್ರಿಂದ” ಎಂದು ಎಲ್ಲರೂ ತೀರ್ಮಾನಿಸಿಬಿಡುತ್ತಾರೆ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ವಿಷಯ ಇದು, ಸರಿಪಡಿಸುವುದೂ ಸುಲಭ.

ಹೆಸರಿನ ಕೊನೆಗೆ ‘ಡಿ’ ಇರುವ ಕ್ಯಾಪ್ಸೂಲಿನ ಮಾತೇ ಬೇರೆ. ಅದರಲ್ಲಿ ಡೊಂಪೆರಿಡೋನ್ ಇದೆ, ಸಾಮಾನ್ಯವಾಗಿ ನಿಧಾನವಾಗಿ ಕರಗುವ 30 ಮಿಲಿಗ್ರಾಂ. ಹೃದಯದ ಬಡಿತ ಏರುಪೇರಾಗುವ ಅಪಾಯ ಕಂಡು ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಡೊಂಪೆರಿಡೋನನ್ನು ವಾಂತಿ, ವಾಕರಿಕೆಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಎಂದು ಕಟ್ಟಿಹಾಕಿತು. ನಮ್ಮಲ್ಲಿ ಅದನ್ನು ವರ್ಷಪೂರ್ತಿ ನುಂಗುವವರಿದ್ದಾರೆ. ನನ್ನನ್ನು ಕೇಳಿದರೆ ಮೊದಲು ಬಿಡಬೇಕಾದದ್ದು ಈ ‘ಡಿ’.

ಬಿಡುವುದು ಹೇಗೆ? ಅಮೆರಿಕದ ಜಠರತಜ್ಞರ ಸಂಘ 2022ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಕೊಟ್ಟಿತು. ಒಂದೇ ಸಲ ನಿಲ್ಲಿಸಿದರೂ ಸರಿ, ಇಳಿಸುತ್ತ ಬಂದರೂ ಸರಿ ಎನ್ನುತ್ತದೆ ಅದು. ವರ್ಷಗಟ್ಟಲೆ ನುಂಗಿದವರಿಗೆ ಇಳಿಸುತ್ತ ಬರುವುದೇ ಹಿತ ಎಂದು ನನ್ನ ಮತ. ದಿನಕ್ಕೆರಡು ಇದ್ದರೆ ಒಂದು, 40 ಇದ್ದರೆ 20, ಆಮೇಲೆ ದಿನ ಬಿಟ್ಟು ದಿನ, ಕೊನೆಗೆ ನಿಲುಗಡೆ. ಒಂದೊಂದು ಮೆಟ್ಟಿಲಿನಲ್ಲೂ ಎರಡು ವಾರ, ಬೇಕಾದರೆ ನಾಲ್ಕು ವಾರ ನಿಲ್ಲಬಹುದು. 40ರ ಮಾತ್ರೆಯನ್ನು ಮುರಿದು ಅರ್ಧ ಮಾಡಬಾರದು. ಅದರ ಹೊರಕವಚ ಒಡೆದರೆ ಔಷಧಿ ಜಠರದ ಆಮ್ಲದಲ್ಲೇ ಹಾಳಾಗುತ್ತದೆ. 20ರದ್ದನ್ನೇ ಕೇಳಿ ತರಬೇಕು, ಜನೌಷಧಿ ಕೇಂದ್ರದ್ದೂ ಆಗುತ್ತದೆ. ನಡುವೆ ಉರಿ ಎದ್ದರೆ ಆ ಹೊತ್ತಿಗೆ ಮಾತ್ರ ಜೆಲ್ ಔಷಧಿ, ಅಥವಾ ವೈದ್ಯರನ್ನು ಕೇಳಿ ಫ್ಯಾಮೊಟಿಡಿನ್. ಸೋಡಾ ಪುಡಿಯಲ್ಲಿ ಸೋಡಿಯಂ ಜಾಸ್ತಿ, ಬಿಪಿ ಇದ್ದವರು ಅದನ್ನು ಹಚ್ಚಿಕೊಳ್ಳದಿರುವುದು ಲೇಸು.

ಊಟದ ವಿಷಯದಲ್ಲಿ ಉಪದೇಶ ಸುಲಭ, ಪಾಲನೆ ಕಷ್ಟ. ಮಲಗುವುದಕ್ಕೆ ಮೂರು ಗಂಟೆ ಮೊದಲು ಊಟ ಮುಗಿಸಿ ಎನ್ನುತ್ತಾರೆ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಕಡೆ ತೋಟಕ್ಕೆ ನೀರು ಬಿಟ್ಟು ಬಂದವನು ಹತ್ತೂವರೆಗೆ ಉಂಡು ಒರಗದೆ ಇನ್ನೇನು ಮಾಡಬೇಕು? ಹಿರಿಯೂರಿನ ಹೆದ್ದಾರಿ ಢಾಬಾದಲ್ಲಿ ನಡುರಾತ್ರಿ ಲಾರಿ ನಿಲ್ಲಿಸಿ ಉಣ್ಣುವ ಚಾಲಕನಿಗೂ ಅದೇ ಪಾಡು. ಅಂಥವರು ಸಂಜೆ ಮುದ್ದೆ ಉಂಡು, ರಾತ್ರಿ ಬಂದು ಒಂದು ಲೋಟ ಮಜ್ಜಿಗೆಗೆ ಮುಗಿಸಿದರೂ ವ್ಯತ್ಯಾಸ ಕಾಣುತ್ತದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಆರೆಂಟು ಇಂಚಿನ ದಿಮ್ಮಿ ಕೊಡುವುದು, ಎಡಮಗ್ಗುಲಿಗೆ ಮಲಗುವುದು ಖರ್ಚಿಲ್ಲದ ಉಪಾಯಗಳು. ಹೊಗೆಸೊಪ್ಪು, ಬೀಡಿ, ಸಾರಾಯಿ ಬಿಡದೆ ಮಾತ್ರೆ ಬಿಡುತ್ತೇನೆಂದರೆ ಆಗದ ಮಾತು. ಖಾರದ ಮೇಲೆ ಜನ ಹೊರಿಸುವಷ್ಟು ಅಪರಾಧ ವಿಜ್ಞಾನ ಹೊರಿಸಿಲ್ಲ, ಯಾರಿಗೆ ಆಗದೋ ಅವರು ಬಿಟ್ಟರೆ ಸಾಕು.

ಕೆಲವರು ಈ ಲೇಖನ ಓದಿ ಮಾತ್ರೆ ನಿಲ್ಲಿಸಕೂಡದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ತಿನ್ನುತ್ತಿರುವವರು, ರಕ್ತ ತೆಳು ಮಾಡುವ ಔಷಧಿಯವರು, ಹುಣ್ಣಿನಿಂದ ಒಮ್ಮೆ ರಕ್ತ ಹೋದವರು, ನೋವಿನ ಮಾತ್ರೆ ಬಿಡಲಾಗದ ವಯಸ್ಸಾದವರು, ಎಂಡೋಸ್ಕೋಪಿಯಲ್ಲಿ ಅನ್ನನಾಳದ ತೀವ್ರ ಹುಣ್ಣು ಅಥವಾ ಬ್ಯಾರೆಟ್ಸ್ ಎಂದು ಬರೆಸಿಕೊಂಡವರು ಇದನ್ನು ಮುಂದುವರಿಸಬೇಕು. ನುಂಗಲು ಕಷ್ಟ, ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದವರು ಮಾತ್ರೆಯ ಲೆಕ್ಕಾಚಾರ ಬಿಟ್ಟು ಮೊದಲು ಎಂಡೋಸ್ಕೋಪಿ ಮಾಡಿಸಬೇಕು. ಎದೆ ಬಿಗಿದು ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ “ಗ್ಯಾಸ್ಟ್ರಿಕ್ ಇರ್ಬೇಕು” ಎಂದು ಮಾತ್ರೆ ಹುಡುಕುತ್ತ ಕೂರಬಾರದು. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರ ಸಲಹೆ ಪಡೆಯುವ ವ್ಯವಸ್ಥೆಯಿದೆ.

ಉಳಿದವರು, ಅಂದರೆ ಯಾಕೆ ಶುರುವಾಯಿತೆಂದು ನೆನಪೇ ಇಲ್ಲದವರು, ಮುಂದಿನ ಸಲ ವೈದ್ಯರ ಬಳಿ ಹೋದಾಗ ಮಾತ್ರೆಯ ಶೀಟನ್ನು ಮೇಜಿನ ಮೇಲಿಟ್ಟು ಎರಡು ಪ್ರಶ್ನೆ ಕೇಳಿ. ಇದು ನನಗೆ ಈಗಲೂ ಬೇಕಾ? ಬೇಕಿದ್ದರೆ ಯಾವ ತಾರೀಖಿನವರೆಗೆ? ಬಾಯಲ್ಲಿ ಹೇಳಿದರೆ ಸಾಲದು, ಆ ತಾರೀಖನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.